ಬಿಟ್ಟವರು ಕೂಡುವ ಜಾಗ

ನಮ್ಮ ಕಾಲುವೆ ಕ್ಯಾಂಪಿನಲ್ಲಿ ಕುಡಿಯುವ ನೀರು ಅರ್ಧ ಹರದಾರಿ ದೂರ, ಸೇಂದಿ ಎಂಟು ಹೆಜ್ಜೆ ದೂರ. ನೀರನ್ನು ಹೆಂಗಸರು ತಲೆಯ ಮೇಲೆ ಹೊತ್ತು ತರಬೇಕು. ಸೇಂದಿ ಬಂಡಿಯ ಮೇಲೆ ಕುಳಿತು ತಾನೇ ಬರುತ್ತಿತ್ತು. ನೀವೇ ಹೇಳಿ, ಎರೆಮಣ್ಣು ಬಗೆದು ಬಾಯಾರಿದವನು ಯಾವುದನ್ನು ಕುಡಿಯುತ್ತಾನೆ? ನಾನು ಎರಡನೆಯದನ್ನು ಕುಡಿದೆ. ಸುಳ್ಳು ಹೇಳಿ ಏನಾಗಬೇಕಿದೆ.

ನನ್ನ ಹೆಸರು ಹುಲಿಗೆಪ್ಪ. ನಾವೆಲ್ಲ ಮೊದಲನೆಯ ಸಲ ಓಟು ಹಾಕಿದ ವರ್ಷ ಅದು. ರಜಾಕಾರರ ಗದ್ದಲ ಮುಗಿದು, ನಿಜಾಮನ ದರ್ಬಾರು ಹೋಗಿ, ಇನ್ನು ಮುಂದೆ ನಮ್ಮದೇ ರಾಜ್ಯ ಅಂತ ಎಲ್ಲರೂ ಹೇಳುತ್ತಿದ್ದರು. ಆ ನಮ್ಮದೇ ರಾಜ್ಯದಲ್ಲಿ, ವಳಕಮದಿನ್ನಿಯ ಹತ್ತಿರ, ನಾವು ಅರವತ್ತು ಜೋಡಿ ತುಂಗಭದ್ರೆಯ ಕಾಲುವೆಗೆ ಮಣ್ಣು ಬಗೆಯುತ್ತಿದ್ದೆವು. ಹೊಳೆ ದಾಟಿದರೆ ಬಳ್ಳಾರಿ ಕಡೆ ಸರಕಾರವೇ ಕುಡಿತ ಬಂದ್ ಮಾಡಿತ್ತು. ಅಲ್ಲಿಯವರು ಗಂಟಲು ಒಣಗಿದಾಗ ಹರಿಗೋಲು ಹತ್ತಿ ನಮ್ಮ ಕಡೆ ಬಂದು ಕುಡಿದು ಹೋಗುತ್ತಿದ್ದರು. ನಮ್ಮ ಕಡೆಯಿಂದ ಆ ಕಡೆಗೆ ಹೋಗಿ ಬಿಟ್ಟು ಬಂದವನನ್ನು ಮಾತ್ರ ನಾನು ಕಾಣೆ.

ಜೋಡಿ ಅಂದರೆ ಗಂಡ ಹೆಂಡತಿ ಅಂತಲ್ಲ. ಗುದ್ದಲಿ ಹಿಡಿಯುವವನು ಒಬ್ಬ, ಬುಟ್ಟಿ ಹೊರುವವಳು ಒಬ್ಬಳು, ಅದು ಜೋಡಿ. ಸೋಮವಾರ ಬೆಳಿಗ್ಗೆ ಗುತ್ತೇದಾರನ ಮೇಸ್ತ್ರಿ ಜೋಡಿಗಳ ಹೆಸರು ಬರೆದುಕೊಂಡು ಒಂದೊಂದಕ್ಕೆ ಒಂದೊಂದು ಗುಂಡಿಯ ಗುರುತು ಹಾಕಿಕೊಡುತ್ತಿದ್ದ. ಒಂಟಿ ಗುದ್ದಲಿಗೆ ಗುಂಡಿ ಇಲ್ಲ. ನನ್ನ ಜೋಡಿ ನನ್ನ ಹೆಂಡತಿ ಕರೆಮ್ಮ.

ಅಳತೆ ಶನಿವಾರ ಸಂಜೆ. ಗುಂಡಿಯ ನಡುವೆ ಒಂದು ಮಣ್ಣಿನ ಕಂಬವನ್ನು ಬಗೆಯದೆ ಬಿಡಬೇಕು. ಅದಕ್ಕೆ ನಾವು ದಿಬ್ಬ ಅನ್ನುತ್ತಿದ್ದೆವು. ಅದರ ನೆತ್ತಿಯ ಮೇಲೆ ಮೊದಲಿನ ನೆಲದ ಹುಲ್ಲು ಹಾಗೇ ಇರಬೇಕು. ಸುತ್ತಲಿನ ಗುಂಡಿಗಳೂ ಬಗೆದು ತಗ್ಗಾಗಿರುತ್ತವೆ. ನೆಲ ಮೊದಲು ಎಲ್ಲಿತ್ತು ಅಂತ ಹೇಳುವುದು ಆ ದಿಬ್ಬ ಒಂದೇ. ಸರಕಾರದ ಓವರ್ಸಿಯರ್ ಬಂದು ದಿಬ್ಬದ ಪಕ್ಕ ಕೋಲು ನಿಲ್ಲಿಸಿ, ಬುಡದಿಂದ ಹುಲ್ಲಿನವರೆಗೆ ಎಷ್ಟಿದೆಯೋ ಅಷ್ಟು ಬರೆದುಕೊಂಡರೆ ಅದೇ ನಮ್ಮ ವಾರದ ದುಡಿತ. ಗುತ್ತೇದಾರ ನಮಗೆ ಕೂಲಿ ಕೊಡುವುದು ಆ ಲೆಕ್ಕಕ್ಕೆ, ಸರಕಾರ ಅವನಿಗೆ ಕೊಡುವುದು ಇಡೀ ಕಾಲುವೆಯ ಲೆಕ್ಕಕ್ಕೆ.

ಆ ಶನಿವಾರಗಳ ಸೊಗಸನ್ನು ಏನು ಹೇಳಲಿ. ಮಧ್ಯಾಹ್ನಕ್ಕೇ ಮೇಸ್ತ್ರಿ ಸೀಟಿ ಊದುತ್ತಿದ್ದ. "ಹೆಣ್ಮಕ್ಕಳು ಸಿಂಧನೂರು ಸಂತಿಗೆ ಹೋಗ್ರಿ, ಗಂಡಸರು ಅಂಗಡಿಗೆ ಬರ್ರಿ." ವಾರವಿಡೀ ಕಾಸು ಕೊಟ್ಟು ಕುಡಿಯುವ ಅಂಗಡಿ ಅದು, ಗುತ್ತೇದಾರನದೇ. ಶನಿವಾರ ಮಾತ್ರ ಅವನು ಧರ್ಮಾತ್ಮ, ಸೇಂದಿ ಪುಕ್ಕಟೆ. "ದಣಿದೀರಿ, ಕುಡೀರಿ," ಅಂತ ಮೇಸ್ತ್ರಿ ಮಗಿ ತುಂಬಿ ತುಂಬಿ ಕೊಡುತ್ತಿದ್ದ. ನಮ್ಮ ಗುತ್ತೇದಾರನಂಥ ದೇವರಿಲ್ಲ ಅಂತ ನಾವು ಹಾಡೇ ಕಟ್ಟಿದ್ದೆವು. ಕಟ್ಟಿದವನು ನಾನೇ, ಅದನ್ನೂ ಹೇಳಿಬಿಡುತ್ತೇನೆ.

ಅಳತೆ ಮಾತ್ರ ಪ್ರತಿ ವಾರ ಕಮ್ಮಿ. ಅಳತೆ ಕಮ್ಮಿಯಾದರೆ ಕೂಲಿ ಕಮ್ಮಿ, ಕೂಲಿ ಕಮ್ಮಿಯಾದರೆ ಗುಡಿಸಲಲ್ಲಿ ಕುರುಕ್ಷೇತ್ರ.

"ಎಷ್ಟು ಬುಟ್ಟಿ ಹೊತ್ತೀನಿ ಗೊತ್ತೈತೇನು ನಿನಗ? ನೆತ್ತಿ ಮ್ಯಾಲಿನ ಕೂದ್ಲ ಉದುರ್ಯಾವ. ಅಳತಿ ನೋಡಿದ್ರ ತೊಡಿಮಟಾನೂ ಇಲ್ಲ. ನೀ ಬುಟ್ಟಿ ಅರ್ಧ ತುಂಬ್ತಿ."

"ಪೂರಾ ತುಂಬೀನಿ ಬೇ."

"ಪೂರಾ ತುಂಬಿದ್ದು ನಿನ್ನ ಹೊಟ್ಟಿ."

ನಾನು ತಲೆ ತಗ್ಗಿಸುತ್ತಿದ್ದೆ. ಯಾಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಕುಡುಕನ ಮೇಲೆ ಯಾವ ತಪ್ಪು ಹೊರಿಸಿದರೂ ಅವನು ಹೌದಿರಬೇಕು ಅನ್ನುತ್ತಾನೆ. ಒಂದು ಸಂಗತಿ ಮಾತ್ರ ವಿಚಿತ್ರವಾಗಿ ಕಾಣುತ್ತಿತ್ತು. ಸೋಮವಾರ, ಅಳತೆ ಮುಗಿದ ಹಳೆಯ ದಿಬ್ಬ ಕಡಿಯುವಾಗ ಅದರ ನೆತ್ತಿಯ ಹುಲ್ಲು ಒಣಗಿ, ಮಣ್ಣಿನ ಹೆಂಟೆಯ ಸಮೇತ ಇಡಿಯಾಗಿ ಕೈಗೆ ಬರುತ್ತಿತ್ತು. ಬಿಸಿಲಿಗೆ ಬಿಟ್ಟುಕೊಂಡಿದೆ ಅಂದುಕೊಂಡೆ. ನಮ್ಮ ಸೀಮೆಯಲ್ಲಿ ಏನು ಕೆಟ್ಟರೂ ಬಿಸಿಲಿನ ಮೇಲೆ ಹಾಕುವುದು ರೂಢಿ.

ಒಂದು ದಿನ ನೀರಿನ ಹಳ್ಳದ ಹತ್ತಿರ, ಹತ್ತು ಜನ ಹೆಂಗಸರ ಎದುರಿಗೆ, ಕರೆಮ್ಮ ಹೇಳಿಯೇ ಬಿಟ್ಟಳು.

"ಮೂರು ವಾರ ಕೊಟ್ಟೀನಿ. ಬಿಟ್ಟಿ, ಚಲೋ ಆತು. ಬಿಡಲಿಲ್ಲ, ಅದರ ಮುಂದಿನ ಸೋಮಾರ ಮೇಸ್ತ್ರಿ ಮುಂದ ಬ್ಯಾರೆ ಗುದ್ದಲಿ ಜೋಡಿ ನನ್ನ ಹೆಸರು ಬರಸ್ತೀನಿ. ಮನ್ಯಾಗ ಹೇಂತಿ ಅಂತ ಇರ್ತೀನಿ, ರೊಟ್ಟಿ ಬಡೀತೀನಿ. ಜೋಡಿ ಅಲ್ಲ."

ಹೆಂಡತಿ ತವರಿಗೆ ಹೋದರೆ ನಾಲ್ಕು ದಿನ ಮಾತಾಡಿ ಬಿಡುತ್ತಾರೆ. ಮನೆಯಲ್ಲೇ ಇದ್ದು ಇನ್ನೊಬ್ಬನ ಗುಂಡಿಯಲ್ಲಿ ಬುಟ್ಟಿ ಹೊತ್ತರೆ ಆ ಗಂಡಸು ಕ್ಯಾಂಪಿನಲ್ಲಿ ಹೇಗೆ ತಲೆ ಎತ್ತಬೇಕು? ಮರ್ಯಾದೆಯ ಮಾತು ಹಾಗಿರಲಿ. ಕರೆಮ್ಮ ಬುಟ್ಟಿ ಎತ್ತುವಾಗ ನನ್ನ ಕಡೆ ಒಮ್ಮೆ ನೋಡಿ ಹೂಂ ಅನ್ನುತ್ತಿದ್ದಳು. ದಿನಕ್ಕೆ ಇನ್ನೂರು ಸಲ. ಅದಿಲ್ಲದೆ ನನ್ನಿಂದ ಒಂದು ಗುದ್ದಲಿ ಮಣ್ಣೂ ಏಳುವುದಿಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಹೆದರಿಕೆ ಆಯಿತು.

ಹುಲಿಗೆಮ್ಮನ ಮೇಲೆ ಆಣೆ ಇಟ್ಟು ಬಿಟ್ಟೆ. ಮಂಗಳವಾರ ಬಿಟ್ಟೆ, ಬುಧವಾರ ಕುಡಿದೆ. ಆಗ ಹಟ್ಟಿಯ ಗಣಿಯಿಂದ ರಜಕ್ಕೆ ಬಂದಿದ್ದ ನನ್ನ ಷಡ್ಡಕ ಒಂದು ಸುದ್ದಿ ಹೇಳಿದ. "ಒಬ್ಬಾವ ಬಿಡಾಕ ಆಗೂದಿಲ್ಲೋ. ಎಲ್ಲೋ ಈ ಸಿಂಧನೂರು, ಮಸ್ಕಿ, ಲಿಂಗಸುಗೂರು ದಾರ್‍ಯಾಗ ಕುಡಿಯೋದು ಬಿಟ್ಟೋರು ಐತವಾರಕ್ಕೊಮ್ಮೆ ಕೂಡ್ತಾರಂತ. ನನ್ನ ಸಿಫ್ಟಿನಾಗ ಒಬ್ಬ ಹೋಗಿ ಬಿಟ್ಟು ಬಂದಾನ."

"ಎಲ್ಲಿ ಅಂತ ಕೇಳಲಿಲ್ಲೇನು?"

"ಕೇಳಿದ್ರ ನಗ್ತಾನ. ಹೆಸರಿಲ್ಲ, ಬೋರ್ಡಿಲ್ಲ, ಹುಡುಕ್ಕೊಂಡು ಹೋದೋರಿಗೇ ಸಿಗತೈತಿ ಅಂತಾನ."

ಮೊದಲ ಐತವಾರ ಸಿಂಧನೂರಿಗೆ ಹೋದೆ. ಚಹದಂಗಡಿಯವನನ್ನು ಕೇಳಿದೆ. ಕುಡಿಯೋದು ಬಿಟ್ಟೋರು ಎಲ್ಲಿ ಕೂಡ್ತಾರಪ್ಪ?

"ಬಿಟ್ಟೋರು ತಮ್ತಮ್ಮ ಮನ್ಯಾಗ ಕೂಡ್ತಾರ. ಕುಡಿಯೋರು ಕೂಡೋ ಜಾಗ ಬೇಕಂದ್ರ ಕೇಳು, ಐದು ಅದಾವು," ಅಂದ. ಪಾಪ, ಅಂಗಡಿ ಬಿಟ್ಟು ಎದ್ದು ಬಂದು ದಾರಿಯನ್ನೂ ತೋರಿಸಿದ. ಅಷ್ಟು ಕಷ್ಟಪಟ್ಟವನ ಮನಸ್ಸು ಯಾಕೆ ನೋಯಿಸಬೇಕು ಅಂತ ಎರಡು ಮಗಿ ಹಾಕಿದೆ. ಹೊರಗೆ ಬಂದು ಮತ್ತೆ ಅದೇ ಪ್ರಶ್ನೆ ಕೇಳುತ್ತ ನಿಂತಾಗ ಒಬ್ಬ ಪೊಲೀಸ್ ಜವಾನ ಹೆಗಲ ಮೇಲೆ ಕೈ ಇಟ್ಟ.

"ಕೂಡ್ತಾರ ಅಂದ್ಯಲ್ಲ, ಯಾರು ಕೂಡ್ತಾರ? ಯಾವ ಸಂಘ?"

"ಸಂಘ ಅಲ್ರಿ ಸಾಹೇಬ್ರ. ಬಿಟ್ಟೋರು."

"ಏನ್ ಬಿಟ್ಟೋರು?"

"ಕುಡಿಯೋದು ರೀ."

ಅವನು ನನ್ನ ಬಾಯಿಯ ಹತ್ತಿರ ಮೂಗು ತಂದ. "ಬಿಟ್ಟೋನ ಬಾಯಿ ಹಿಂಗ ನಾರತೈತೇನಲೇ? ನೀ ಖರೇನ ಸಂಘದಾವ ಅದಿ."

ಆಗಿನ ಕಾಲ ಹಾಗಿತ್ತು. ನಾಲ್ಕು ಜನ ಬಡವರು ಒಂದು ಕಡೆ ಕುಳಿತರೆ ಕೆಂಪು ಬಾವುಟ ಎಲ್ಲಿ ಅಡಗಿಸಿದ್ದೀರಿ ಅಂತ ಕೇಳುತ್ತಿದ್ದರು. ಜವಾನ ಸಂಜೆಯವರೆಗೆ ತನ್ನ ಮನೆಯ ಹಂಡೆಗೆ ನನ್ನಿಂದ ನೀರು ಹೊರಿಸಿ, ಸಂಘದವನಲ್ಲ ಅಂತ ಖಾತ್ರಿ ಮಾಡಿಕೊಂಡು ಬಿಟ್ಟ. ಒಂದು ವಾರ ಹೋಯಿತು.

ಎರಡನೆಯ ಐತವಾರ ಲಿಂಗಸುಗೂರಿಗೇ ಹೋದೆ. ಅಲ್ಲಿ ಗಿಡದ ಕೆಳಗೆ ಒಬ್ಬ ಸೀಸೆಗಳನ್ನು ಹರವಿಕೊಂಡು ಕುಳಿತಿದ್ದ. ಕುಡಿತ ಬಿಡಿಸುವ ಔಷಧ. ಮೂರು ಗುಟುಕು ಕುಡಿದರೆ ಮುಂದೆ ಸೇಂದಿ ಕಂಡರೆ ವಾಂತಿ ಬರುತ್ತದಂತೆ. ನನಗೆ ಅವಸರವಿತ್ತು, ಇಡೀ ಸೀಸೆ ಕುಡಿದೆ. ಅದು ಬೇವಿನ ರಸ ಹಾಕಿದ ಸಾರಾಯಿ. ಬೇವಿನ ರಸ ಹಾಕಿದರೂ ಸಾರಾಯಿ ಕೆಟ್ಟದೇನಲ್ಲ ಅಂತ ಅವತ್ತು ಗೊತ್ತಾಯಿತು.

ಹಿಂದಕ್ಕೆ ಬರುವಾಗ ಒಂದು ಹತ್ತಿ ಬಂಡಿ ಹತ್ತಿದೆ. ದಾರಿಯುದ್ದಕ್ಕೂ ಗುತ್ತೇದಾರನ ಹಾಡು ಹಾಡಿದೆನಂತೆ. ಬಂಡಿಯವ ಮಸ್ಕಿಯವರೆಗೆ ತಡೆದುಕೊಂಡು, ಅಲ್ಲಿ ಇಳಿಸಿ ಹೋದ. ಎದುರಿಗೆ ಒಂದು ತಟ್ಟಿಯ ಚಪ್ಪರ, ಅದರ ಮುಂದೆ ಬೆಳ್ಳಗೆ ಹತ್ತಿಯ ರಾಶಿ. ದೇವರು ಹಾಸಿದ ಹಾಸಿಗೆ ಅಂದುಕೊಂಡು ಮಲಗಿಬಿಟ್ಟೆ.

ಕಿವಿಯ ಹತ್ತಿರ ಡಂಯ್ ಅಂತ ಸದ್ದಾದಾಗ ಎಚ್ಚರವಾಯಿತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಒಬ್ಬ ಮುದುಕ, ಹತ್ತಿ ಹಿಂಜುವ ದೊಡ್ಡ ಬಿಲ್ಲು ಹಿಡಿದು ನಿಂತಿದ್ದ. ಅವನು ಪಿಂಜಾರ ಮಕ್ತುಮ್‌ಸಾಬ್.

"ಏಳಪ. ಅದು ಮದಿವಿ ಗಾದಿ ಹತ್ತಿ. ನಿನ್ನ ವಾಸನಿ ಹಿಡದ್ರ ನಾಳೆ ಹೊಸಾ ಅಳಿಯ ನನ್ನ ಹುಡುಕ್ಕೊಂಡು ಬರ್ತಾನ. ಎಲ್ಲಿಗೆ ಹೊಂಟಿದ್ದಿ?"

"ಕುಡಿಯೋದು ಬಿಟ್ಟೋರು ಕೂಡೋ ಜಾಗಕ್ಕ."

ಚಪ್ಪರದ ಒಳಗಿಂದ ಏಳೆಂಟು ಜನ ಒಮ್ಮೆಲೇ ನಕ್ಕರು. ಒಬ್ಬ ಮುದುಕಿ, ಅವಳ ಹೆಸರು ಬಸ್ಸಮ್ಮ, ಸರಿದು ಜಾಗ ಮಾಡಿದಳು. "ಕುಡದಾ ಬಂದಾನ ನೋಡು. ಬಾರಪ, ನಾವೂ ಹಂಗ ಬಂದೋರು."

ಹೀಗೆ ನಾನು ಬಿಟ್ಟವರು ಕೂಡುವ ಜಾಗವನ್ನು ಹುಡುಕಿ ಮುಟ್ಟಿದೆ. ಮುಟ್ಟಿದವನು ನಾನಲ್ಲ, ಬಂಡಿಯವ ಮುಟ್ಟಿಸಿದ ಅಂದರೂ ಸರಿಯೇ.

ಎಲ್ಲರ ಮಡಿಲಲ್ಲೂ ಗಂಟುಗಟ್ಟಿದ ಹಳೆಯ ಹತ್ತಿ. ಬೆರಳಿನಿಂದ ಬಿಡಿಸುತ್ತ ಕುಳಿತಿದ್ದರು. ಮಕ್ತುಮ್‌ಸಾಬ್ ನನ್ನ ಮಡಿಲಿಗೂ ಒಂದು ಹಿಡಿ ಹಾಕಿದ.

"ಸೇಂದಿ ಹೊತ್ತಿಗೆ ಕೈ ನಡಗತಾವ. ನಡಗೋ ಕೈಗೆ ಹತ್ತಿ ಕೊಟ್ರ ಹತ್ತಿ ಚಲೋ ಬಿಚ್ಚಿಕೋತೈತಿ. ಯಾರರ ಕೇಳಿದ್ರ ಗಾದಿ ತುಂಬಾಕ ಬಂದೀವಿ ಅನ್ನು. ಹೆಸರು ಗಿಸರು ನಕ್ಕೋ, ಬ್ಯಾಡ. ಹೆಸರಿಟ್ರ ಪೊಲೀಸ್ ಬರ್ತಾರ."

ಅವನ ಹೆಂಡತಿ ಪೀರ್‌ಬೀ ಎಲ್ಲರಿಗೂ ಗಟ್ಟಿ ಮಜ್ಜಿಗೆ ಕೊಟ್ಟಳು. ಆಣೆ ಇಲ್ಲ, ಬೂದಿ ಇಲ್ಲ, ತಾಯಿತ ಇಲ್ಲ. ಅಲ್ಲಿ ಇದ್ದದ್ದು ಒಂದೇ ಕಟ್ಟಳೆ. ಕುಡಿಯುವುದಕ್ಕಾಗಿ ಹೇಳಿದ ಒಂದು ಸುಳ್ಳನ್ನು ಪ್ರತಿಯೊಬ್ಬರೂ ಹೇಳಬೇಕು. ಉಳಿದವರು ಹೊಟ್ಟೆ ತುಂಬ ನಗಬೇಕು. ನಕ್ಕ ಮೇಲೆ ಆ ಸುಳ್ಳು ಮತ್ತೆ ಉಪಯೋಗಕ್ಕೆ ಬರುವುದಿಲ್ಲ ಅನ್ನುವುದು ಮಕ್ತುಮ್‌ಸಾಬನ ವಿಚಾರ.

ಬಸ್ಸಮ್ಮ ಶುರು ಮಾಡಿದಳು. "ನಮ್ಮತ್ತಿ ಸತ್ತಾಳಂತ ಅತ್ತು, ಮೂರು ಊರಾಗ ದುಃಖ ಮರೀಲಿ ಅಂತ ಕುಡಿಸಿಕೊಂಡೀನಿ. ಅಕಿ ನನ್ನ ಮದಿವಿಗೆ ಮೊದ್ಲ ಸತ್ತಿದ್ಲು. ನಾ ಅಕಿ ಮಾರಿನಾ ಕಂಡಿಲ್ಲ."

ನನ್ನ ಸರದಿ ಬಂತು. "ಓಟು ಹಾಕಿದಾಗ ಬೆರಳಿಗೆ ಮಸಿ ಹಚ್ಚಿದ್ರಲ್ಲ, ಆ ಮಸಿ ಹೋಗೋಮಟ ಕುಡೀಬೇಕು, ಇಲ್ಲಂದ್ರ ಓಟು ರದ್ದಾಗತೈತಿ ಅಂತ ಹೇಂತಿಗೆ ಹೇಳಿದ್ದೆ. ಅಕೀನೂ ಓಟು ಹಾಕಿದ್ಲು. ಹೆಣ್ಮಕ್ಕಳಿಗೆ ಮಾಫಿ ಐತಿ ಅಂದೆ."

"ಎಷ್ಟು ದಿನ ಇತ್ತು ಮಸಿ?"

"ಹದಿನೈದು ದಿನ. ಆಮ್ಯಾಲ ನಾನ ದೀಪದ ಕಾಡಿಗಿ ಹಚ್ಚಿಕೊಂಡೆ."

ಮಕ್ತುಮ್‌ಸಾಬ್ ಬಿಲ್ಲು ಕೆಳಗಿಟ್ಟು ಕಣ್ಣು ಒರೆಸಿಕೊಂಡ. ಅಷ್ಟು ಜನ ನನ್ನನ್ನು ನೋಡಿ ನಕ್ಕರೂ ನನಗೆ ನಾಚಿಕೆ ಆಗಲಿಲ್ಲ. ಹಗುರವಾಯಿತು. ಮೂಲೆಯಲ್ಲಿ ಒಬ್ಬ ಸಣಕಲು ಮನುಷ್ಯ ಕುಳಿತಿದ್ದ. ಮುಖ ಎಲ್ಲೋ ನೋಡಿದಂತಿತ್ತು. ಅವನ ಹೆಸರು ಆದೆಪ್ಪ, ಬಿಟ್ಟು ಎರಡು ತಿಂಗಳಾಗಿತ್ತು.

"ನಂದು ಬಾಯಿ ಸುಳ್ಳಲ್ಲ, ಕೈ ಸುಳ್ಳು," ಅಂದ. "ವಳಕಮದಿನ್ನಿ ಹತ್ರ ಕಾಲುವಿ ಮೇಸ್ತ್ರಿ ಕೈಕೆಳಗ ಇದ್ದೆ. ಶನಿವಾರ ಹೆಣ್ಮಕ್ಕಳು ಸಂತಿಗೆ ಹೋದಮ್ಯಾಲ, ಗಂಡಸರು ಅಂಗಡಿ ಸೇರಿದಮ್ಯಾಲ, ನಾನು, ಇನ್ನೊಬ್ಬ ಆಳು ಸಲಿಕಿ ತಗೊಂಡು ಗುಂಡಿಗೆ ಇಳೀತಿದ್ವಿ. ದಿಬ್ಬದ ನೆತ್ತಿ ಮ್ಯಾಲಿನ ಹುಲ್ಲ ಹೆಂಟಿ ಮೆಲ್ಲಕ ಎತ್ತಿ ಬಾಜೂ ಇಡೋದು. ಕೆಳಗ ಒಂದು ಗೇಣು ಮಣ್ಣು ಕೆತ್ತೋದು. ಹುಲ್ಲ ಮತ್ತ ಮ್ಯಾಲಿಟ್ಟು ತಟ್ಟೋದು. ತಲಿ ತಗದು ಟೊಪಗಿ ಹಾಕಿದಂಗ. ಅರವತ್ತು ದಿಬ್ಬ. ಒಬ್ಬಾವರ ಬಂದು ಏನ್ ಮಾಡಾಕತ್ತೀರಿ ಅಂತ ಕೇಳಲಿಲ್ಲ. ಗುತ್ತೇದಾರ ದೇವರು ಅಂತ ಹಾಡು ಹೇಳ್ಕೋತ ಕುಡೀತಿದ್ರು. ನಮಗ ಎರಡು ಮಗಿ ಜಾಸ್ತಿ."

ಎಲ್ಲರೂ ನಕ್ಕರು. ನನ್ನ ಬೆರಳು ಹತ್ತಿಯಲ್ಲೇ ನಿಂತವು. ಬೇವಿನ ಸಾರಾಯಿ ಎಲ್ಲಿ ಹೋಯಿತೋ, ತಲೆ ತಿಳಿಯಾಯಿತು. ಸೋಮವಾರ ಸೋಮವಾರ ಕೈಗೆ ಬರುತ್ತಿದ್ದ ಆ ಒಣಹುಲ್ಲಿನ ಹೆಂಟೆ ಕಣ್ಣಿಗೆ ಕಟ್ಟಿತು. ಎದ್ದು ಅವನ ಅಂಗಿ ಹಿಡಿದೆ.

"ಅದು ನನ್ನ ಗುಂಡಿ ಐತಲೇ."

ಆದೆಪ್ಪ ಕೊಸರಿಕೊಳ್ಳಲಿಲ್ಲ. "ಹೊಡಿಯಪ," ಅಂದ. "ಒಂದು ಶನಿವಾರ ಅಳತಿ ಮುಗದಮ್ಯಾಲ ಒಬ್ಬಾಕಿ ಗಂಡಗ ಬೈಯಾಕತ್ತಿದ್ಲು, ಬುಟ್ಟಿ ಅರ್ಧ ತುಂಬ್ತಿ ಅಂತ. ಆ ಮನಶ್ಯಾ ತಲಿ ತಗ್ಗಿಸಿ ನಿಂತಿದ್ದ. ಅವತ್ತು ನನಗ ಸೇಂದಿ ಗಂಟಲಾಗ ಇಳೀಲಿಲ್ಲ. ಬಿಟ್ಟು ಬಂದೆ."

ಅದು ನಾನೋ, ಇನ್ನೊಬ್ಬನೋ. ಅರವತ್ತು ಗುಡಿಸಲಲ್ಲೂ ಅದೇ ಮಾತು, ಅದೇ ತಗ್ಗಿದ ತಲೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಮೇಕೆ ಹೌದಪ್ಪ ನಾನೇ ತಿಂದಿರಬೇಕು ಅಂತ ಅಳುತ್ತಿತ್ತು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ನನ್ನ ಬುಟ್ಟಿ ತುಂಬಿತ್ತು. ಕರೆಮ್ಮನ ನೆತ್ತಿ ಸುಳ್ಳು ಹೇಳಿರಲಿಲ್ಲ.

"ಇಲ್ಲಿ ಹೊಡ್ಯಾಂಗಿಲ್ಲ," ಅಂದ ಮಕ್ತುಮ್‌ಸಾಬ್. "ಅವನ ಅಂಗಿ ಬಿಡು, ಹತ್ತಿ ಬಿಡಸು." ಹೊರಡುವಾಗ ಒಂದು ಚೀಲ ಗಂಟು ಹತ್ತಿ ನನ್ನ ಹೆಗಲಿಗೆ ಹಾಕಿದ. "ಇದು ಒಂದು ವಾರದ್ದು. ಸೇಂದಿ ಹೊತ್ತಿಗೆ ತಗದು ಕೂಡು."

ಕರೆಮ್ಮ ಎಲ್ಲ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮಸಿ ಸುಳ್ಳಿಗಿಂತ ಇದು ಚಲೋ ಐತಿ," ಅಂದಳು.

"ಖರೇನ ಬೇ. ಈ ಶನಿವಾರ ಸಂತಿಗೆ ಹೋಗಬ್ಯಾಡ. ನೀನ ನೋಡು."

ಆಗ ತಿರುಗಿ ನನ್ನ ಮುಖ ನೋಡಿದಳು. "ಸಂತಿ ಬಿಡ್ತೀನಿ. ನೀ ಅಂಗಡಿ ಬಿಡು. ಶನಿವಾರ ಒಂದು ಗುಟುಕು ಕುಡದ್ರೂ ಸೋಮಾರ ನನ್ನ ಹೆಸರು ಬ್ಯಾರೆ ಕಡೆ."

ಆ ವಾರದ ಕಷ್ಟ ಹೇಳಿ ತೀರದು. ಸಂಜೆಯಾದರೆ ಮೈಯೊಳಗೆ ಇರುವೆ ಹರಿದಾಡಿದಂತೆ. ಗುಡಿಸಲ ಮುಂದೆ ಹತ್ತಿ ಹರವಿಕೊಂಡು ಕುಳಿತೆ. "ಹುಲಿಗ್ಯಾ ಗಾದಿ ಮಾಡಾಕತ್ಯಾನ, ಅದರ ಮ್ಯಾಲ ಮಲಗೋ ಹೇಂತಿ ಅವನ್ನ ಬಿಟ್ಟು ಹೊಂಟಾಳ," ಅಂತ ಅಂಗಡಿಗೆ ಹೋಗುವವರು ಆಡಿಕೊಂಡರು. ಬುಧವಾರ ಪಕ್ಕದ ಗುಂಡಿಯ ಕರೀಂಸಾಬ್ ಬಂದು ಒಂದು ಹಿಡಿ ಹತ್ತಿ ಕೇಳಿದ. ಯಾಕೆ ಅಂತ ನಾನು ಕೇಳಲಿಲ್ಲ. ಮಸ್ಕಿಯ ಕಡೆ ಹೊರಟಿದ್ದ ಒಬ್ಬ ಬಂಡಿಯವನ ಕೈಯಲ್ಲಿ ಮಕ್ತುಮ್‌ಸಾಬನಿಗೆ ಶನಿವಾರದ ಸುದ್ದಿ ಹೇಳಿ ಕಳಿಸಿದೆ. ಶುಕ್ರವಾರದ ಹೊತ್ತಿಗೆ ಐವರಾದೆವು. ಸುಳ್ಳು ಹೇಳಿ ನಗುವ ಕಟ್ಟಳೆಯನ್ನೂ ಶುರು ಮಾಡಿದೆವು. ನಮ್ಮ ನಗು ಕೇಳಿ ಅಂಗಡಿಯವರು ಎದ್ದು ಬಂದು ನೋಡಿ ಹೋದರು.

ಅತ್ತ ಕರೆಮ್ಮ ಹಳ್ಳದಲ್ಲಿ ಕೊಡ ತುಂಬುತ್ತ ಒಂದೇ ಪ್ರಶ್ನೆ ಕೇಳಿದಳಂತೆ. "ನಿಮ್ಮ ಗಂಡಸರೂ ಬುಟ್ಟಿ ಅರ್ಧ ತುಂಬ್ತಾರೇನ್ರೇ?" ಕರೀಂಸಾಬನ ಜೋಡಿ ಮಕ್ತುಂಬೀ, "ನಾ ಇದನ್ನ ಹೇಳಿ ಹೇಳಿ ಬಾಯಿ ನೋಯಿಸಿಕೊಂಡೀನಿ," ಅಂದಳು. ಒಬ್ಬೊಬ್ಬರೇ ಹೂಂ ಅಂದರು. ಆಮೇಲೆ ಎಲ್ಲರೂ ಕೊಡ ಕೆಳಗಿಟ್ಟರು. ಅರವತ್ತು ಜನ ಗಂಡಸರೂ ಒಂದೇ ಗೇಣು ಕದಿಯುವುದು ಆಗದ ಮಾತು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಶನಿವಾರ ಬಂತು. ಮೇಸ್ತ್ರಿ ಸೀಟಿ ಊದಿದ. ಹೆಂಗಸರು ಬುಟ್ಟಿ ಇಟ್ಟರು, ಸೀರೆ ಝಾಡಿಸಿದರು, ಒಬ್ಬೊಬ್ಬಳೂ ತನ್ನ ತನ್ನ ಗುಂಡಿಯ ದಿಬ್ಬ ಹತ್ತಿ ಕುಳಿತಳು. ಅರವತ್ತು ದಿಬ್ಬ, ಅರವತ್ತು ಹೆಂಗಸರು, ಎಲೆ ಅಡಿಕೆ ಹಾಕಿಕೊಂಡು. ಅಷ್ಟು ಚೆಂದದ ನೋಟ ನಾನು ಮತ್ತೆ ಕಂಡಿಲ್ಲ.

ಮೇಸ್ತ್ರಿ ಓಡಿ ಬಂದ. "ಯಾಕ, ಸಂತಿಗೆ ಹೋಗೂದಿಲ್ಲೇನು?"

"ಸಂತಿ ಎಲ್ಲಿ ಓಡಿ ಹೋಗತೈತ್ರಿ. ಇಲ್ಲಿ ಗಾಳಿ ಚಲೋ ಐತಿ," ಅಂದಳು ಕರೆಮ್ಮ.

"ಇಳೀರಿ, ಇಳೀರಿ. ದಿಬ್ಬದ ಮ್ಯಾಲ ಕುಂತ್ರ ಅಳತಿ ಕೆಡತೈತಿ."

"ನಾ ಕುಂತ್ರ ಎಷ್ಟು ತಗ್ಗತೈತ್ರಿ? ಒಂದು ಗೇಣು ತಗ್ಗತೈತೇನು?"

"ಗೇಣು ಅಂತ ಯಾರು ಹೇಳಿದ್ರು ನಿನಗ?" ಅಂದ ಮೇಸ್ತ್ರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ಹೆಂಗಸರು ದಿಬ್ಬದಿಂದ ದಿಬ್ಬಕ್ಕೆ ನಗು ದಾಟಿಸಿದರು.

ಮೇಸ್ತ್ರಿ ಜಾಣ. ಹೆಂಗಸರನ್ನು ಬಿಟ್ಟು ಗಂಡಸರ ಕಡೆ ತಿರುಗಿದ. ಸೇಂದಿಯ ಗಡಿಗೆಗಳನ್ನು ಅಂಗಡಿಯಿಂದ ಗುಂಡಿಗಳ ಅಂಚಿಗೇ ತರಿಸಿದ. ಅರ್ಧಕ್ಕಿಂತ ಹೆಚ್ಚು ಗಂಡಸರು ಅದರ ಸುತ್ತ ಕುಳಿತುಬಿಟ್ಟರು. ಒಂದು ಮಗಿ ತುಂಬಿ ಸ್ವತಃ ನನ್ನ ಗುಂಡಿಗೆ ಇಳಿದು ಬಂದ.

"ಹುಲಿಗೆಪ್ಪ, ತಗೋ. ಹಾಡು ಕಟ್ಟಿದವ ನೀ. ನೀ ಇಲ್ಲದ ಅಂಗಡಿ ಭಣಭಣ ಅಂತೈತಿ. ಕುಡದು, ನಿನ್ನ ಹೇಂತಿನ ಕೆಳಗ ಇಳಸು."

ಹೊಸ ಸೇಂದಿ. ನೊರೆ ಮಗಿಯ ಅಂಚು ದಾಟಿ ಅವನ ಬೆರಳ ಮೇಲೆ ಇಳಿಯುತ್ತಿತ್ತು. ಸುಳ್ಳು ಯಾಕೆ, ನನಗೆ ಬೇಕಾಯಿತು. ನಾಲಿಗೆಗೆ ಬೇಕಾಯಿತು, ಮೂಳೆಗೆ ಬೇಕಾಯಿತು. ನನ್ನ ಕೈ ಅರ್ಧ ಮೇಲಕ್ಕೂ ಹೋಯಿತು. ಕರೆಮ್ಮ ದಿಬ್ಬದ ಮೇಲಿಂದ ಏನೂ ಅನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಕುಡಿದುಬಿಡುತ್ತಿದ್ದೆ.

"ಬಿಟ್ಟೀನ್ರಿ," ಅಂದೆ.

"ಏನಂದಿ?"

"ಕುಡಿಯೋದು ಬಿಟ್ಟೀನ್ರಿ. ಒಂದು ವಾರ ಆತು."

ಕರೀಂಸಾಬ್ ತನ್ನ ಗುಂಡಿಯಿಂದ, "ನಂದು ಮೂರು ದಿನ ರೀ," ಅಂದ. ಗಡಿಗೆಯ ಸುತ್ತ ಕುಳಿತವರೂ ಮಗಿ ಕೆಳಗಿಟ್ಟು ನಮ್ಮ ಕಡೆ ನೋಡತೊಡಗಿದರು. ಆಗ ಕಾಲುವೆಯ ಏರಿಯ ಮೇಲೆ ಮೂರು ಜನ ಕಾಣಿಸಿದರು. ಬಿಲ್ಲು ಹೊತ್ತ ಮಕ್ತುಮ್‌ಸಾಬ್, ಬಸ್ಸಮ್ಮ, ಅವರ ಹಿಂದೆ ಆದೆಪ್ಪ. ಆದೆಪ್ಪನನ್ನು ಕಂಡ ಮೇಸ್ತ್ರಿಯ ಮುಖ ಸಪ್ಪಗಾಯಿತು. ಸಲಿಕೆ ಹಿಡಿದು ನಿಂತಿದ್ದ ಅವನ ಹೊಸ ಆಳು ಸಲಿಕೆಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಓವರ್ಸಿಯರ್ ಹೊತ್ತು ಇಳಿಯುವ ಮುಂಚೆ ಬಂದ. ಹೆಂಗಸರು ಅವನ ಕೋಲು ನಿಲ್ಲಿಸಲು ಮಾತ್ರ ಸರಿದು ಕೊಟ್ಟರು, ಇಳಿಯಲಿಲ್ಲ. ಒಂದು ಗುಂಡಿ ಅಳೆದ. ಎರಡು ಅಳೆದ. ಕೋಲನ್ನೇ ತಿರುಗಿಸಿ ನೋಡಿದ.

"ಈ ವಾರ ಏನು, ದೆವ್ವ ಬಂದು ಬಗದಾವೇನು? ಎಲ್ಲಾ ಗುಂಡಿ ಒಂದು ಗೇಣು ಹೆಚ್ಚು."

"ಬಗೆಯೋದು ವಾರಾ ಇಷ್ಟ ರೀ," ಅಂದಳು ಕರೆಮ್ಮ. "ಕೆತ್ತೋರಿಗೆ ಈ ವಾರ ಬಿಡುವು ಸಿಗಲಿಲ್ಲ. ಇದನ್ನ ಬರಕೊಂಡ್ರಿ, ಚಲೋ ಆತು. ಹೋದ ಹದಿನೆಂಟು ವಾರದ ಗೇಣು ಎಲ್ಲಿ ಹೋತ್ರಿ?"

ಓವರ್ಸಿಯರ್ ಮೇಸ್ತ್ರಿಯ ಕಡೆ ನೋಡಿದ, ಮೇಸ್ತ್ರಿ ನೆಲ ನೋಡಿದ. "ಹಳೇ ದಿಬ್ಬ ಎಲ್ಲ ನೀವ ಕಡದು ಹಾಕೀರಿ. ಹೋದದ್ದನ್ನ ಈಗ ಯಾರು ಹೇಳೋರು?"

"ನಾ ಹೇಳ್ತೀನ್ರಿ." ಆದೆಪ್ಪ ಗುಂಡಿಗೆ ಇಳಿದು ಬಂದ. "ಕೆತ್ತಿದವ ನಾನ."

"ಸಾಹೇಬ್ರ, ಇವ ಹೆಸರಾದ ಕುಡುಕ," ಅಂದ ಮೇಸ್ತ್ರಿ. "ಕುಡುಕನ ಮಾತಿಗೇನು ಕಿಮ್ಮತ್ತು?"

"ಕುಡದು ಕೆತ್ತಿದೆ ರೀ. ಬಿಟ್ಟು ಹೇಳಾಕತ್ತೀನಿ. ಬರಕೋರಿ."

"ಬರಕೊಂಡ್ರ ಮೊದಲು ನಿನ್ನನ್ನ ಒಳಗ ಹಾಕ್ತಾರ," ಅಂದ ಓವರ್ಸಿಯರ್.

"ಹಾಕ್ಲಿ ರೀ. ಒಳಗ ಸೇಂದಿ ಸಿಗೂದಿಲ್ಲಂತ. ನನಗ ಅನುಕೂಲ."

ಬಸ್ಸಮ್ಮ ಏರಿಯ ಮೇಲಿಂದ ಗೊಳ್ಳೆಂದು ನಕ್ಕಳು. ಮಕ್ತುಂಬೀ ತನ್ನ ದಿಬ್ಬದಿಂದ, "ಬರಕೋರಿ," ಅಂದಳು. ಆಚೆಯ ದಿಬ್ಬದವಳೂ ಅಂದಳು. ಅದು ಗುಂಡಿಯಿಂದ ಗುಂಡಿಗೆ ಹೋಗಿ, ಕೊನೆಯ ಗುಂಡಿ ಮುಟ್ಟಿ, ಹಿಂದಕ್ಕೆ ಬಂತು. ಗಡಿಗೆಯ ಹತ್ತಿರ ಕುಳಿತಿದ್ದ ಗಂಡಸರು ಎದ್ದು ಬಂದು ತಮ್ಮ ತಮ್ಮ ದಿಬ್ಬದ ಪಕ್ಕ ನಿಂತರು. ಕೆಲವರು ತೂರಾಡುತ್ತಿದ್ದರು, ಆದರೂ ನಿಂತರು.

"ಸಂಘ ಕಟ್ಟೀರೇನಲೇ?" ಅಂದ ಮೇಸ್ತ್ರಿ.

ಓವರ್ಸಿಯರ್ ಒಂದು ಸಲ ಸುತ್ತಲೂ ನೋಡಿದ. ಮೇಲಕ್ಕೆ ಹತ್ತುವ ದಾರಿಯ ಎರಡೂ ಕಡೆ ದಿಬ್ಬಗಳು, ಒಂದೊಂದರ ಮೇಲೂ ಒಬ್ಬಳು. ಅವನು ಪೆನ್ನು ತೆಗೆದ.

"ಹೇಳ್ರಿ. ಯಾರ ಹೆಸರಿಂದ ಶುರು ಮಾಡ್ಲಿ?"

ಕರೆಮ್ಮ ನನ್ನ ಕಡೆ ಒಮ್ಮೆ ನೋಡಿ ಹೂಂ ಅಂದಳು. ಆಮೇಲೆ ಅವನಿಗೆ ಹೇಳಿದಳು.

"ಹುಲಿಗೆಪ್ಪ, ಕರೆಮ್ಮ. ಜೋಡಿ. ಹದಿನೆಂಟು ವಾರ, ವಾರಕ್ಕ ಒಂದು ಗೇಣು. ತಡವಾದ್ರ ಆಗ್ಲಿ, ತಿಳಿಯೂ ಹಂಗ ಬರೀರಿ."